ಅನ್ನನಾಳದ ಏಡಿಗಂತಿ: ಆದ್ಯಾವಸ್ಥೆಯ ಅಂತರ್ದರ್ಶನ

ಅನ್ನನಾಳದ ಒಳಪೊರೆಯಲ್ಲಿ ಹುಟ್ಟಿ, ಇನ್ನೂ ಆ ಪೊರೆಯ ಎಲ್ಲೆಯನ್ನು ಮೀರದೆ, ರೋಗಿಗೆ ಯಾವ ಬಾಧೆಯನ್ನೂ ಕೊಡದೆ ಅಡಗಿರುವ ಏಡಿಗಂತಿಯನ್ನು, ಎಂದರೆ ಕ್ಯಾನ್ಸರನ್ನು, ಬಾಯಿಯ ಮೂಲಕ ಇಳಿಬಿಟ್ಟ ದರ್ಶಕದಿಂದ ವಿಶೇಷ ಬೆಳಕು, ವರ್ಣದ್ರವ ಮತ್ತು ವರ್ಧನೆಗಳ ನೆರವು ಪಡೆದು ಕಂಡುಹಿಡಿಯುವ ವಿಧಾನಗಳೆಲ್ಲ ಈ ಲೇಖನದ ವಿಷಯ. ಆಸ್ಪತ್ರೆಗಳಲ್ಲಿ ಎಂಡೋಸ್ಕೋಪಿಯೆಂದೂ, ಜನರ ಮಾತಿನಲ್ಲಿ ಹೊಟ್ಟೆಗೆ ಕ್ಯಾಮೆರಾ ಹಾಕಿ ನೋಡುವುದೆಂದೂ ಕರೆಯಿಸಿಕೊಳ್ಳುವ ಪರೀಕ್ಷೆಯ ಪರಿಷ್ಕೃತ ರೂಪಗಳಿವು. 2020ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 6 ಲಕ್ಷ ಜನರಿಗೆ ಈ ರೋಗ ತಗುಲಿ, 5 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಮಡಿದರು. ಭಾರತದ ಪಾಲು ಸುಮಾರು 63 ಸಾವಿರ ಹೊಸ ರೋಗಿಗಳು. ಹುಟ್ಟಿದ ರೋಗದ ಸಂಖ್ಯೆಗೂ ಸಾವಿನ ಸಂಖ್ಯೆಗೂ ಇಷ್ಟು ಅಲ್ಪವಾದ ಅಂತರವಿರುವುದಕ್ಕೆ ಮುಖ್ಯ ಕಾರಣ, ಈ ಗಂತಿಯು ತನ್ನ ಇರವನ್ನು ತಾನಾಗಿ ತಿಳಿಸುವ ಹೊತ್ತಿಗೆ ಗುಣಪಡಿಸುವ ಕಾಲ ಬಹುಮಟ್ಟಿಗೆ ಮೀರಿಹೋಗಿರುತ್ತದೆ ಎಂಬುದೇ ಆಗಿದೆ.

ಅಂಗದ ರಚನೆ

ಗಂಟಲಿನಿಂದ ಜಠರದವರೆಗೆ ಹಬ್ಬಿರುವ ಅನ್ನನಾಳವು ಸುಮಾರು 25 ಸೆಂಟಿಮೀಟರು ಉದ್ದದ ಮಾಂಸಲವಾದ ಕೊಳವೆ. ಮುಂಬದಿಯ ಹಲ್ಲುಗಳಿಂದ ಅಳೆದರೆ ಅದು ಸುಮಾರು 15 ಸೆಂಟಿಮೀಟರಿನಲ್ಲಿ ಆರಂಭವಾಗಿ 40ರ ಆಸುಪಾಸಿನಲ್ಲಿ ಕೊನೆಗೊಳ್ಳುವುದರಿಂದ, ಒಳಗೆ ಕಂಡ ಕಲೆ ಎಲ್ಲಿದೆಯೆಂಬುದನ್ನು ವೈದ್ಯರು ಹಲ್ಲಿನಿಂದ ಇಷ್ಟು ಸೆಂಟಿಮೀಟರು ಎಂದೇ ಬರೆದಿಡುತ್ತಾರೆ. ಕೊಳವೆಯ ಅತ್ಯಂತ ಒಳಗಿನ ಹೊದಿಕೆಯು ಚಪ್ಪಟೆ ಜೀವಕೋಶಗಳ ಹಲವು ಪದರಗಳಿಂದಾದ ಹೊರಚರ್ಮ. ಅದರಡಿ ಸಡಿಲವಾದ ಸಂಯೋಜಕ ಪದರ, ಅದರ ಕೆಳಗೆ ತೆಳುವಾದ ಸ್ನಾಯುಪಟ್ಟಿ, ಬಳಿಕ ರಕ್ತನಾಳಗಳೂ ದುಗ್ಧರಸನಾಳಗಳೂ ತುಂಬಿದ ಅಧಃಪೊರೆ, ಕೊನೆಗೆ ಆಹಾರವನ್ನು ಕೆಳಗೆ ತಳ್ಳುವ ದಪ್ಪನೆಯ ಸ್ನಾಯುಪದರ. ಕರುಳಿಗೆ ಇರುವಂತಹ ಹೊರಗವಚ ಅನ್ನನಾಳಕ್ಕಿಲ್ಲವಾದ್ದರಿಂದ ಸ್ನಾಯುವನ್ನು ಭೇದಿಸಿದ ಗಂತಿಯು ನೆರೆಯ ಶ್ವಾಸನಾಳ, ಮಹಾಧಮನಿ ಮೊದಲಾದವುಗಳನ್ನು ತಡೆಯಿಲ್ಲದೆ ಮುಟ್ಟಬಲ್ಲುದು.

ಆದ್ಯಾವಸ್ಥೆಯ ಪ್ರಾಮುಖ್ಯವೆಲ್ಲ ಈ ಪದರಗಳ ಲೆಕ್ಕದಲ್ಲಿದೆ. ಗಂತಿಯು ಹೊರಚರ್ಮದಲ್ಲಿಯೋ ಅದರ ಕೆಳಗಿನ ಸಂಯೋಜಕ ಪದರದಲ್ಲಿಯೋ ನಿಂತಿರುವ ತನಕ ದುಗ್ಧಗ್ರಂಥಿಗಳಿಗೆ ಹರಡುವುದು ಅಪರೂಪ. ತೆಳುವಾದ ಸ್ನಾಯುಪಟ್ಟಿಯನ್ನು ಮುಟ್ಟಿದಾಗ ನೂರಕ್ಕೆ ಸುಮಾರು ಹತ್ತು ರೋಗಿಗಳಲ್ಲಿ ಹರಡಿರುತ್ತದೆ. ಅಧಃಪೊರೆಯ ಆಳಕ್ಕೆ ಇಳಿದುದಾದರೆ ನೂರಕ್ಕೆ ಮೂವತ್ತರಿಂದ ಐವತ್ತು ರೋಗಿಗಳಲ್ಲಿ ಗ್ರಂಥಿಗಳಿಗೆ ಹರಡಿರುತ್ತದೆ. ಮಿಲಿಮೀಟರಿನ ಒಂದಂಶದಷ್ಟು ಆಳದ ಈ ವ್ಯತ್ಯಾಸವು ಒಬ್ಬನಿಗೆ ದರ್ಶಕದ ಮೂಲಕವೇ ಮುಗಿಯುವ ಚಿಕಿತ್ಸೆಯನ್ನೂ ಮತ್ತೊಬ್ಬನಿಗೆ ಎದೆ ಹೊಟ್ಟೆಗಳನ್ನು ತೆರೆಯುವ ಮಹಾಶಸ್ತ್ರಕ್ರಿಯೆಯನ್ನೂ ವಿಧಿಸುತ್ತದೆ.

ರೋಗದ ಬಗೆಗಳು ಮತ್ತು ಕಾರಣಗಳು

ಅನ್ನನಾಳದ ಏಡಿಗಂತಿಯಲ್ಲಿ ಪ್ರಧಾನವಾಗಿ ಎರಡು ಬಗೆಗಳುಂಟು. ಚಪ್ಪಟೆ ಕೋಶಗಳಿಂದ ಹುಟ್ಟುವುದು ಮೊದಲನೆಯದು. ಏಷ್ಯ ಮತ್ತು ಆಫ್ರಿಕಗಳಲ್ಲಿ ಇದೇ ಹೆಚ್ಚು, ಭಾರತದ ರೋಗಿಗಳಲ್ಲಿಯೂ ಇದರದೇ ಮೇಲುಗೈ. ಗ್ರಂಥಿಕೋಶಗಳಿಂದ ಹುಟ್ಟುವ ಎರಡನೆಯದು ಯೂರೋಪು ಅಮೆರಿಕಗಳಲ್ಲಿ ಬೊಜ್ಜು ಮತ್ತು ಆಮ್ಲೋದ್ಗಾರಗಳೊಡನೆ ಬೆಳೆದಿದೆ. ಜಠರದ ಆಮ್ಲವು ಬಹುಕಾಲ ಮೇಲೇರಿದುದರಿಂದ ಅನ್ನನಾಳದ ಕೆಳತುದಿಯ ಚಪ್ಪಟೆ ಕೋಶಗಳ ಸ್ಥಾನದಲ್ಲಿ ಕಂಬಾಕೃತಿಯ ಕೋಶಗಳು ನೆಲಸುವ ಸ್ಥಿತಿಯು, 1950ರಲ್ಲಿ ಅದನ್ನು ಕುರಿತು ಬರೆದ ಬ್ರಿಟಿಷ್ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟನ ಹೆಸರಿನಿಂದ ಪ್ರಸಿದ್ಧವಾಗಿದೆ. ಎರಡನೆಯ ಬಗೆಯ ಗಂತಿಗೆ ಅದೇ ಮುನ್ನೆಲೆ.

ಚಪ್ಪಟೆ ಕೋಶಗಳ ಗಂತಿಗೆ ಹೊಗೆಯಾಗಿ ಸೇದುವ ತಂಬಾಕು, ಜಗಿಯುವ ತಂಬಾಕು, ಮದ್ಯ ಮತ್ತು ಅಡಿಕೆ ಇವು ಸಿದ್ಧವಾದ ಕಾರಣಗಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆತ ಎಲೆಯಡಿಕೆಯನ್ನು 1985ರಲ್ಲಿಯೇ ಕ್ಯಾನ್ಸರಕಾರಕವೆಂದು ನಿರ್ಣಯಿಸಿ, ತಂಬಾಕಿಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಅನಂತರ ಅದೇ ಪಂಕ್ತಿಗೆ ಸೇರಿಸಿತು. 2012ರಲ್ಲಿ ಪ್ರಕಟವಾದ ಅದರ ಸಂಪುಟದಲ್ಲಿ ತಂಬಾಕಿಲ್ಲದ ಎಲೆಯಡಿಕೆಯಿಂದ ಬಾಯಿಯ ಕ್ಯಾನ್ಸರಿನೊಡನೆ ಅನ್ನನಾಳದ ಕ್ಯಾನ್ಸರೂ ಉಂಟಾಗುವುದೆಂದು ಹೇಳಿದೆ. 65 ಡಿಗ್ರಿ ಸೆಲ್ಸಿಯಸಿಗಿಂತ ಬಿಸಿಯಾದ ಪಾನೀಯಗಳು ಬಹುಶಃ ಕಾರಣವಾಗಬಹುದೆಂಬುದು 2016ರ ನಿರ್ಣಯ. ಆಸಿಡ್ ಅಥವಾ ಕ್ಷಾರ ಕುಡಿದುದರಿಂದ ಕಲೆಗಟ್ಟಿ ಕಿರಿದಾದ ಅನ್ನನಾಳ, ಕೆಳತುದಿಯ ಸ್ನಾಯು ಸಡಿಲಗೊಳ್ಳದೆ ಆಹಾರ ತಂಗುವ ಅಕಲೇಸಿಯ ರೋಗ, ಕಬ್ಬಿಣಾಂಶದ ಕೊರತೆಯಿಂದ ಬಳಲುವ ಸ್ತ್ರೀಯರಲ್ಲಿ ಗಂಟಲಿನ ಕೆಳಗೆ ತೆಳುಪೊರೆ ಬೆಳೆದು ನುಂಗಲು ತೊಡಕಾಗುವ ಸ್ಥಿತಿ, ಇವು ಕೂಡ ಅಪಾಯವನ್ನು ಹೆಚ್ಚಿಸುತ್ತವೆ.

ಬಾಯಿ, ಗಂಟಲು, ಅನ್ನನಾಳಗಳು ಒಂದೇ ಬಗೆಯ ಹೊರಚರ್ಮವನ್ನು ಹೊದ್ದು ಒಂದೇ ವಿಷಕ್ಕೆ ಮೈಯೊಡ್ಡುವುದರಿಂದ, ಇವುಗಳಲ್ಲೊಂದು ಕಡೆ ಗಂತಿ ಮೂಡಿದವನಿಗೆ ಮತ್ತೊಂದು ಕಡೆಯೂ ಮೂಡುವ ಸಂಭವ ಹೆಚ್ಚು. ಇಡಿಯ ಕ್ಷೇತ್ರವೇ ಕೆಟ್ಟಿರುತ್ತದೆಂಬ ಈ ತತ್ತ್ವವು 1953ರಲ್ಲಿ ಪ್ರತಿಪಾದಿತವಾಯಿತು; ಮುಂದೆ ಹೇಳುವ ಪರೀಕ್ಷಾಕ್ರಮಕ್ಕೆಲ್ಲ ಅದೇ ತಳಹದಿ.

ದರ್ಶಕದ ಇತಿಹಾಸ

ಜೀವಂತ ಮನುಷ್ಯನ ಜಠರದೊಳಕ್ಕೆ ಇಣುಕುವ ಸಾಹಸವನ್ನು 1868ರ ಸುಮಾರಿಗೆ ಜರ್ಮನಿಯ ಫ್ರೈಬರ್ಗಿನಲ್ಲಿ ಅಡಾಲ್ಫ್ ಕುಸ್‌ಮೌಲನು ಕತ್ತಿ ನುಂಗುವ ಕಸುಬಿನವನೊಬ್ಬನ ನೆರವಿನಿಂದ ನೆಟ್ಟನೆಯ ಕೊಳವೆಯ ಮೂಲಕ ನಡೆಸಿದನು. 1932ರಲ್ಲಿ ರುಡಾಲ್ಫ್ ಶಿಂಡ್ಲರನು ಅರೆಬಾಗುವ ಜಠರದರ್ಶಕವನ್ನು ಬಳಕೆಗೆ ತಂದನಾದರೂ, ದರ್ಶಕವು ನಿಜವಾಗಿ ಬಳುಕಿದುದು ಗಾಜಿನ ಎಳೆಗಳ ಕಂತೆಯಿಂದ. ಪಂಜಾಬದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸನೊಡನೆ ಇಂತಹ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದ ಬಳಿಕ, 1957ರಲ್ಲಿ ಅಮೆರಿಕದಲ್ಲಿ ಬೇಸಿಲ್ ಹಿರ್ಷೋವಿಟ್ಸನು ಆ ತತ್ತ್ವದ ಮೇಲೆ ಕಟ್ಟಿದ ದರ್ಶಕವನ್ನು ರೋಗಿಗಳಲ್ಲಿ ಬಳಸಿದನು. 1983ರಲ್ಲಿ ದರ್ಶಕದ ತುದಿಗೇ ವಿದ್ಯುನ್ಮಾನ ಚಿತ್ರಗ್ರಾಹಕವು ಬಂದು ಕೂತು, ಒಬ್ಬನ ಕಣ್ಣಿಗೆ ಮಾತ್ರ ಕಾಣುತ್ತಿದ್ದುದು ಪರದೆಯ ಮೇಲೆ ಕೊಠಡಿಯಲ್ಲಿದ್ದವರೆಲ್ಲರಿಗೂ ಕಾಣುವಂತಾಯಿತು. ಚಿತ್ರವು ವಿದ್ಯುತ್ ಸಂಕೇತವಾದುದರಿಂದಲೇ ಅದರ ಬಣ್ಣಗಳನ್ನು ಬೇರ್ಪಡಿಸಿ ತಿದ್ದುವ ಈಚಿನ ತಂತ್ರಗಳಿಗೆ ದಾರಿ ತೆರೆಯಿತು.

ಬಿಳಿಯ ಬೆಳಕಿನ ಮಿತಿ

ಸಾಮಾನ್ಯವಾದ ಬಿಳಿಯ ಬೆಳಕಿನಲ್ಲಿ ಆದ್ಯ ಗಂತಿಯು ನಸುಗೆಂಪಾದ, ತುಸು ಒರಟಾದ ಒಂದು ತೇಪೆ ಮಾತ್ರ. ಕೆಲವೊಮ್ಮೆ ಅದರಡಿಯ ರಕ್ತನಾಳಗಳ ಹೊಳಹು ಮಸುಕಾಗಿರುವುದೊಂದೇ ಗುರುತು. ಮೇಲ್ಮೈ ಗಂತಿಗಳ ಆಕಾರವನ್ನು 2002ರ ಪ್ಯಾರಿಸ್ ವರ್ಗೀಕರಣವು ಉಬ್ಬಿದವು, ಚಪ್ಪಟೆಯಾದವು, ಕುಳಿಬಿದ್ದವು ಎಂದು ವಿಂಗಡಿಸಿದೆ. ಚಪ್ಪಟೆಯಾದವುಗಳಲ್ಲಿಯೂ ತುಸು ಎದ್ದದ್ದು, ಸಮತಲವಾದದ್ದು, ತುಸು ತಗ್ಗಾದದ್ದು ಎಂಬ ಒಳಭೇದಗಳಿವೆ. ಸಮತಲವಾದದ್ದು ಅನುಭವಿ ಕಣ್ಣನ್ನೂ ವಂಚಿಸುತ್ತದೆ. ಜೊಲ್ಲು, ನೊರೆ, ಲೋಳೆಗಳು ಕವಿದಿದ್ದರಂತೂ ಕಾಣುವ ಸಂಭವವೇ ಇಲ್ಲವಾದುದರಿಂದ, ನೊರೆಯನ್ನು ಒಡೆಯುವ ಸಿಮೆಥಿಕೋನ್ ಬೆರೆಸಿದ ನೀರಿನಿಂದ ಗೋಡೆಯನ್ನು ತೊಳೆಯುವುದೂ, ಗಾಳಿಯನ್ನು ಹೆಚ್ಚಿಸಿ ತಗ್ಗಿಸಿ ಮಡಿಕೆಗಳನ್ನು ಬಿಡಿಸಿ ನೋಡುವುದೂ, ದರ್ಶಕವನ್ನು ಆತುರದಿಂದ ಜಠರಕ್ಕೆ ಇಳಿಸದೆ ಮೇಲ್ಭಾಗವನ್ನು ಬಿಡದೆ ಪರೀಕ್ಷಿಸುವುದೂ ಎಲ್ಲ ಉನ್ನತ ತಂತ್ರಗಳಿಗೂ ಮುನ್ನಿನ ಶಿಸ್ತುಗಳು. ಮೇಲಿನ ಜೀರ್ಣಾಂಗಗಳ ಒಂದು ಪರೀಕ್ಷೆಗೆ ಕನಿಷ್ಠ ಏಳು ನಿಮಿಷಗಳಾದರೂ ಸಲ್ಲಬೇಕೆಂಬುದು ಯೂರೋಪಿನ ತಜ್ಞಸಂಘದ ಮಾನದಂಡ.

ಅಯೋಡೀನಿನ ಲೇಪನ

ವರ್ಣದ್ರವವನ್ನು ಸಿಂಪಡಿಸಿ ನೋಡುವ ವಿಧಾನಗಳಲ್ಲಿ ಅತ್ಯಂತ ಹಳೆಯದೂ ಅಗ್ಗವಾದುದೂ ಈಗಲೂ ಮಾನದಂಡವೆನಿಸಿದುದೂ ಲೂಗೋಲನ ದ್ರಾವಣ. ಫ್ರಾನ್ಸಿನ ವೈದ್ಯ ಲೂಗೋಲನು ಅಯೋಡೀನ್ ಮತ್ತು ಪೊಟ್ಯಾಸಿಯಂ ಅಯೊಡೈಡುಗಳನ್ನು ನೀರಿನಲ್ಲಿ ಕರಗಿಸಿ 1829ರಲ್ಲಿ ಸಿದ್ಧಪಡಿಸಿದ ಈ ದ್ರವವನ್ನು, ವಿಯೆನ್ನದ ಶಿಲ್ಲರನು ಗರ್ಭಕೊರಳಿನ ಕ್ಯಾನ್ಸರಿನ ಪತ್ತೆಗೆ ಬಳಸಿದನು. 1960ರ ದಶಕದಲ್ಲಿ ಅದು ಅನ್ನನಾಳಕ್ಕೂ ಬಂದಿತು. ಆರೋಗ್ಯವಾಗಿರುವ ಚಪ್ಪಟೆ ಕೋಶಗಳಲ್ಲಿ ಗ್ಲೈಕೊಜೆನ್ ಎಂಬ ಶರ್ಕರ ಸಂಗ್ರಹವಿದ್ದು ಅಯೋಡೀನು ಅದರೊಡನೆ ಕೂಡಿದಾಗ, ಇಡಿಯ ಒಳಗೋಡೆಯು ಅಡಿಕೆ ಬೇಯಿಸಿದ ಚೊಗರಿನಂತಹ ಗಾಢಕಂದು ಬಣ್ಣವನ್ನು ತಾಳುತ್ತದೆ. ಕೆಟ್ಟ ಕೋಶಗಳು ತಮ್ಮ ಗ್ಲೈಕೊಜೆನನ್ನು ಕಳೆದುಕೊಂಡಿರುವುದರಿಂದ ಬಣ್ಣ ಹಿಡಿಯದೆ, ಎಲ್ಲೆಗಳು ಸ್ಪಷ್ಟವಾಗಿ ಕಾಣುವ ಬಿಳಿಚು ತೇಪೆಗಳಾಗಿ ಉಳಿಯುತ್ತವೆ.

ಬಣ್ಣ ಹಿಡಿಯದುದೆಲ್ಲ ಕ್ಯಾನ್ಸರಲ್ಲ; ಉರಿಯೂತವಿದ್ದಲ್ಲಿಯೂ, ಕ್ಷಯಿಸಿದ ಪೊರೆಯಲ್ಲಿಯೂ ಅಯೋಡೀನು ನಿಲ್ಲದು. ಈ ಸಂಶಯವನ್ನು ಪರಿಹರಿಸುವುದು ಕಾಲ. ಸಿಂಪಡಿಸಿ ಎರಡು ಮೂರು ನಿಮಿಷ ಕಾದರೆ ನಿಜವಾದ ಗಂತಿಯ ತೇಪೆಯು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಜಪಾನಿನ ವೈದ್ಯರು ಇದನ್ನೇ ಗುಲಾಬಿ ಚಿಹ್ನೆಯೆಂದು ನಿರ್ದೇಶಿಸಿದ್ದಾರೆ. ಬಣ್ಣ ಹಿಡಿಯದ ಚಿಕ್ಕ ಚಿಕ್ಕ ತೇಪೆಗಳು ನಾಳದ ಉದ್ದಕ್ಕೂ ಚದುರಿರುವ ಮನುಷ್ಯನಿಗೆ ಮುಂದೆ ಬೇರೆಡೆಯಲ್ಲಿಯೂ ಗಂತಿ ಮೂಡುವ ಭಯವಿರುವುದರಿಂದ, ಆತನನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ದ್ರಾವಣದ ಸಾಂದ್ರತೆ ಸಾಮಾನ್ಯವಾಗಿ ಶೇಕಡಾ 1ರಿಂದ 2. ಎದೆಯಲ್ಲಿ ಉರಿ, ವಾಕರಿಕೆಗಳು ಅದರ ದೋಷಗಳು. ಸೋಡಿಯಂ ಥಯೋಸಲ್ಫೇಟನ್ನು ಕಡೆಯಲ್ಲಿ ಸಿಂಪಡಿಸಿದರೆ ಉರಿ ತಗ್ಗುತ್ತದೆ. ಅಯೋಡೀನ್ ಒಗ್ಗದವರಿಗೂ ಥೈರಾಯಿಡ್ ರೋಗದಿಂದ ನರಳುವವರಿಗೂ ಇದನ್ನು ಬಳಸದಿರುವುದೇ ಕ್ಷೇಮ.

ಇಡಿಯ ಊರುಗಳ ಮಟ್ಟದಲ್ಲಿ ಈ ವಿಧಾನದ ಫಲವನ್ನು ಅಳೆದವರು ಚೀನಿಯರು. ಅನ್ನನಾಳದ ಕ್ಯಾನ್ಸರು ಹೆಚ್ಚಾಗಿರುವ ಹೆಬೇ ಪ್ರಾಂತದ ಸಿಶಿಯನ್ ಜಿಲ್ಲೆಯಲ್ಲಿ 40ರಿಂದ 69 ವರ್ಷ ವಯಸ್ಸಿನವರನ್ನು ಜೀವಿತದಲ್ಲಿ ಒಂದೇ ಸಲ ಅಯೋಡೀನ್ ಲೇಪನದ ಎಂಡೋಸ್ಕೋಪಿಗೆ ಕರೆದು ಹತ್ತು ವರ್ಷ ಅನುಸರಿಸಿ ನೋಡಿದಾಗ, ಪರೀಕ್ಷೆಗೆ ಕರೆದ ಹಳ್ಳಿಗಳಲ್ಲಿ ಈ ರೋಗದ ಸಾವು ನೂರಕ್ಕೆ 3.35, ಕರೆಯದ ಹಳ್ಳಿಗಳಲ್ಲಿ 5.05 ಎಂದು 2015ರಲ್ಲಿ ವರದಿಯಾಯಿತು. ಸಾವಿನ ಮೂರನೆಯ ಒಂದು ಪಾಲನ್ನು ತಪ್ಪಿಸಿದ ಈ ಪರೀಕ್ಷೆಯಲ್ಲಿ ಬಳಕೆಯಾದುದು ಒಂದೂವರೆ ಶತಮಾನಕ್ಕೂ ಹಳೆಯದಾದ ದ್ರಾವಣವೆಂಬುದು ಗಮನಾರ್ಹ.

ಕಿರಿದಾದ ಬೆಳಕಿನ ಪಟ್ಟಿ

ಬಣ್ಣವನ್ನು ಸಿಂಪಡಿಸದೆಯೇ ಬೆಳಕನ್ನು ಸೋಸಿ ನೋಡುವ ತಂತ್ರಗಳಲ್ಲಿ ಮೊದಲನೆಯದು ನ್ಯಾರೋ ಬ್ಯಾಂಡ್ ಇಮೇಜಿಂಗ್. ಜಪಾನಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರೂ ಒಲಿಂಪಸ್ ಸಂಸ್ಥೆಯ ಎಂಜಿನಿಯರರೂ 1990ರ ದಶಕದ ಕೊನೆಯಿಂದ ಕೂಡಿ ಬೆಳೆಸಿದ ಈ ತಂತ್ರದಲ್ಲಿ, ಬಿಳಿಯ ಬೆಳಕಿನೊಳಗಿಂದ 415 ಮತ್ತು 540 ನ್ಯಾನೊಮೀಟರುಗಳ ಸುತ್ತಣ ಎರಡು ಕಿರುಪಟ್ಟಿಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ರಕ್ತದ ಹಿಮೊಗ್ಲೋಬಿನು ಈ ಎರಡು ತರಂಗಗಳನ್ನು ವಿಶೇಷವಾಗಿ ಹೀರುತ್ತದೆ. ನೀಲಿ ಪಟ್ಟಿಯು ಆಳಕ್ಕಿಳಿಯದೆ ಮೇಲ್ಪದರದ ಲೋಮನಾಳಗಳನ್ನು ಕಂದು ಬಣ್ಣದಲ್ಲಿಯೂ, ಹಸಿರು ಪಟ್ಟಿಯು ಅದಕ್ಕಿಂತ ಆಳದ ಸಿರೆಗಳನ್ನು ನೀಲಿಹಸಿರಿನಲ್ಲಿಯೂ ತೋರಿಸುತ್ತವೆ. ಗಂತಿಯ ಜಾಗದಲ್ಲಿ ಹೊಸ ಲೋಮನಾಳಗಳು ಒತ್ತಾಗಿ ಹುಟ್ಟಿರುವುದರಿಂದ ದೂರದಿಂದಲೇ ಅದೊಂದು ಕಂದುತೇಪೆಯಾಗಿ ಎದ್ದು ಕಾಣುತ್ತದೆ.

ಇದರ ಪ್ರಯೋಜನವನ್ನು ನಿರ್ವಿವಾದವಾಗಿ ತೋರಿಸಿದುದು ಜಪಾನಿನ ಮನಾಬು ಮುತೋ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ. ಅನ್ನನಾಳದ ಕ್ಯಾನ್ಸರಿದ್ದ 320 ರೋಗಿಗಳನ್ನು ಎರಡು ಗುಂಪಾಗಿಸಿ ಪರೀಕ್ಷಿಸಿದಾಗ, ಅನ್ನನಾಳದ ಮೇಲ್ಮೈ ಗಂತಿಗಳಲ್ಲಿ ಬಿಳಿಯ ಬೆಳಕು ಸುಮಾರು ಶೇಕಡಾ 55ನ್ನೂ ಕಿರುಪಟ್ಟಿಯ ಬೆಳಕು ಶೇಕಡಾ 97ನ್ನೂ ಕಂಡುಹಿಡಿದವು. ತಲೆ ಕೊರಳುಗಳ ಭಾಗದಲ್ಲಿ ಬಿಳಿಯ ಬೆಳಕು ಶೇಕಡಾ 8ನ್ನು ಮಾತ್ರ ಹಿಡಿಯಿತು. ಅಯೋಡೀನಿನೊಡನೆ ಹೋಲಿಸಿದರೆ ರೋಗವನ್ನು ಹಿಡಿಯುವುದರಲ್ಲಿ ಎರಡೂ ಬಹುಮಟ್ಟಿಗೆ ಸಮಾನ. ಆದರೆ ರೋಗವಿಲ್ಲದೆಡೆಯಲ್ಲಿ ಸಂಶಯ ಹುಟ್ಟಿಸುವುದು ಕಿರುಪಟ್ಟಿಯ ಬೆಳಕಿನಲ್ಲಿ ಕಡಮೆ, ಎದೆಯುರಿಯೂ ಇಲ್ಲ. ಫ್ಯೂಜಿಫಿಲ್ಮ್ ಸಂಸ್ಥೆಯ ನೀಲಬೆಳಕಿನ ತಂತ್ರ, ಪೆಂಟ್ಯಾಕ್ಸ್ ಸಂಸ್ಥೆಯ ಐ-ಸ್ಕ್ಯಾನ್ ಮೊದಲಾದವು ಬೇರೆ ಬೇರೆ ದಾರಿಗಳಿಂದ ಇದೇ ಗುರಿಯನ್ನು ಅರಸುತ್ತವೆ.

ವರ್ಧನೆ ಮತ್ತು ಆಳದ ಅಂದಾಜು

ಅನ್ನನಾಳದ ಹೊರಚರ್ಮದಲ್ಲಿ ಅದರದೇ ಆದ ರಕ್ತನಾಳಗಳಿಲ್ಲ. ಕೆಳಗಿನ ಪದರದಿಂದ ಎದ್ದ ಮೊಗ್ಗುಗಳಲ್ಲಿ ಲೋಮನಾಳಗಳು ಕಿರುಕುಣಿಕೆಗಳಾಗಿ ಮೇಲೆ ಬಂದು ಹಿಂದಿರುಗುತ್ತವೆ. ಚಿತ್ರವನ್ನು 80ರಿಂದ 100 ಪಟ್ಟು ಹಿಗ್ಗಿಸುವ ದರ್ಶಕದ ತುದಿಗೆ ಪಾರದರ್ಶಕವಾದ ಟೋಪಿಯನ್ನು ತೊಡಿಸಿ ಗೋಡೆಗೆ ಮೆಲ್ಲನೆ ಆನಿಸಿದಾಗ ಈ ಕುಣಿಕೆಗಳು ಒಂದೊಂದಾಗಿ ಕಾಣುತ್ತವೆ. ಇವುಗಳ ಆಕಾರಕ್ಕೂ ಗಂತಿಯ ಆಳಕ್ಕೂ ಇರುವ ಸಂಬಂಧವನ್ನು ಮೊದಲು ವ್ಯವಸ್ಥಿತವಾಗಿ ವಿಂಗಡಿಸಿದವನು ಹರುಹಿರೊ ಇನೊವೆ. ಈಗ ರೂಢಿಯಲ್ಲಿರುವುದು ಜಪಾನಿನ ಅನ್ನನಾಳ ಸಂಘದ ಸರಳವಾದ ವರ್ಗೀಕರಣ. ಅದರಂತೆ ಕುಣಿಕೆಗಳು ಸಹಜವಾಗಿಯೋ ಅಲ್ಪವಾಗಿ ಬದಲಾಗಿಯೋ ಇದ್ದರೆ ಎ ವರ್ಗ; ಹಿಗ್ಗಿ, ಸೊಟ್ಟಾಗಿ, ಗಾತ್ರ ಆಕಾರಗಳಲ್ಲಿ ಹೊಂದಿಕೆ ಕಳೆದುಕೊಂಡರೂ ಕುಣಿಕೆಯ ರೂಪವನ್ನು ಉಳಿಸಿಕೊಂಡಿದ್ದರೆ ಬಿ-1, ಎಂದರೆ ಗಂತಿಯು ಮೇಲಿನ ಎರಡು ಪದರಗಳಲ್ಲಿಯೇ ಇದೆ; ಕುಣಿಕೆಯ ರೂಪ ಅಳಿದು ಎಳೆಗಳಾಗಿ ಹರಿದಿದ್ದರೆ ಬಿ-2, ಎಂದರೆ ತೆಳುವಾದ ಸ್ನಾಯುಪಟ್ಟಿಯನ್ನೋ ಅಧಃಪೊರೆಯ ಅಂಚನ್ನೋ ಮುಟ್ಟಿದೆ; ಬಿ-2ರ ನಾಳಗಳಿಗಿಂತ ಮೂರು ಪಟ್ಟಿಗೂ ದಪ್ಪವಾದ ನಾಳಗಳು ಕಂಡರೆ ಬಿ-3, ಎಂದರೆ ಅಧಃಪೊರೆಯ ಆಳಕ್ಕೆ ಇಳಿದಿದೆ. ನಾಳಗಳಿಲ್ಲದ ಬಯಲು ಪ್ರದೇಶವೂ ಒಂದು ಸೂಚನೆ. ಅದರ ಅಗಲ ಅರ್ಧ ಮಿಲಿಮೀಟರಿಗೆ ಕಡಮೆಯಾದರೆ ಗಂತಿ ಮೇಲ್ಪದರದಲ್ಲಿದೆಯೆಂದೂ, 3 ಮಿಲಿಮೀಟರನ್ನು ಮೀರಿದರೆ ಆಳದಲ್ಲಿದೆಯೆಂದೂ ಊಹಿಸಬಹುದು. ಬಿ-2 ವರ್ಗದಲ್ಲಿ ಈ ಅಂದಾಜು ಆಗಾಗ ತಪ್ಪುವುದರಿಂದ, ಕೊನೆಯ ತೀರ್ಪು ಕೊಯ್ದು ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ರೋಗಶಾಸ್ತ್ರಜ್ಞನದೇ.

ಬ್ಯಾರೆಟನ ಸ್ಥಿತಿಯಲ್ಲಿ ಅಯೋಡೀನು ಉಪಯೋಗಕ್ಕೆ ಬಾರದು. ಅಲ್ಲಿ ದುರ್ಬಲವಾದ ಅಸಿಟಿಕ್ ಆಮ್ಲವನ್ನು ಸಿಂಪಡಿಸಿದರೆ ಪೊರೆ ಮೊದಲು ಬೆಳ್ಳಗಾಗಿ, ಕೆಟ್ಟ ಭಾಗವು ಉಳಿದುದಕ್ಕಿಂತ ಬೇಗನೆ ಆ ಬಿಳುಪನ್ನು ಕಳೆದುಕೊಂಡು ಕೆಂಪಾಗುತ್ತದೆ. ಕಣ್ಣಿಗೆ ಏನೂ ಕಾಣದಿದ್ದರೂ ಎರಡೆರಡು ಸೆಂಟಿಮೀಟರಿಗೆ ನಾಲ್ಕು ದಿಕ್ಕಿನಿಂದ ಬಯಾಪ್ಸಿ ತೆಗೆಯಬೇಕೆಂಬುದು ಸಿಯಾಟಲ್ ಪದ್ಧತಿ. ಬಯಾಪ್ಸಿಯಿಲ್ಲದೆ ಜೀವಕೋಶಗಳನ್ನೇ ತೋರಿಸುವ ಲೇಸರ್ ಸೂಕ್ಷ್ಮದರ್ಶನ, ಕೋಶದರ್ಶಕ ಮೊದಲಾದವು ವಿಶೇಷ ಕೇಂದ್ರಗಳ ಸಾಧನಗಳಾಗಿಯೇ ಉಳಿದಿವೆ. ಗಣಕಯಂತ್ರವು ಚಿತ್ರಗಳನ್ನು ಓದಿ ಸಂಶಯದ ಜಾಗವನ್ನು ತೋರಿಸುವ ಪ್ರಯತ್ನಗಳೂ ನಡೆದಿವೆ. ಜಪಾನಿನ ಹೊರಿಯೆ ಮತ್ತು ಸಂಗಡಿಗರು 2019ರಲ್ಲಿ ವರ್ಣಿಸಿದ ವ್ಯವಸ್ಥೆಯು ನೂರಕ್ಕೆ 98 ಗಂತಿಗಳನ್ನು ಗುರುತಿಸಿತಾದರೂ, ಅದು ಎಚ್ಚರಿಸಿದ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿರ್ದೋಷವಾದವು. ಇದು ವೈದ್ಯನಿಗೆ ಸಹಾಯಕವೇ ಹೊರತು ಪ್ರತಿನಿಧಿಯಲ್ಲ.

ಚಿಕಿತ್ಸೆ

ಮೇಲಿನ ಎರಡು ಪದರಗಳಲ್ಲಿರುವ ಗಂತಿಯನ್ನು ದರ್ಶಕದ ಮೂಲಕವೇ ತೆಗೆಯಬಹುದು. ಚಿಕ್ಕದಾದರೆ ಹೀರಿ ಎತ್ತಿ ಕುಣಿಕೆಯಿಂದ ಕೊಯ್ಯುವುದುಂಟು. ದೊಡ್ಡದಾದರೆ ಅಧಃಪೊರೆಗೆ ದ್ರವವನ್ನು ಚುಚ್ಚಿ ಉಬ್ಬಿಸಿ, ವಿದ್ಯುತ್ ಕತ್ತಿಯಿಂದ ಗಂತಿಯ ಸುತ್ತಲೂ ಗೆರೆ ಕೊಯ್ದು, ಅಡಿಯಿಂದ ಒಂದೇ ತುಂಡಾಗಿ ಸುಲಿಯುತ್ತಾರೆ. ಜಪಾನಿನಲ್ಲಿ ಬೆಳೆದ ಈ ಎರಡನೆಯ ಕ್ರಮವು ಭಾರತದ ದೊಡ್ಡ ಕೇಂದ್ರಗಳಲ್ಲಿಯೂ ನಡೆಯುತ್ತಿದೆ. ಹೀಗೆ ಮೇಲ್ಪದರದಲ್ಲಿಯೇ ಗಂತಿ ತೆಗೆಯಿಸಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳ ಬಳಿಕವೂ ಈ ರೋಗದಿಂದ ಮುಕ್ತರಾಗಿ ಬದುಕಿರುತ್ತಾರೆ. ಕೆಟ್ಟ ಭಾಗವು ನಾಳದ ಸುತ್ತಳತೆಯ ಮುಕ್ಕಾಲು ಪಾಲನ್ನು ಮೀರಿದ್ದರೆ, ಕೊಯ್ದ ಗಾಯ ಮಾಯುವಾಗ ನಾಳವು ಕಿರಿದಾಗುವುದೊಂದು ತೊಡಕು; ಸ್ಟೀರಾಯಿಡ್ ಔಷಧವೂ ಹಿಗ್ಗಿಸುವ ಬಲೂನೂ ಅದಕ್ಕೆ ಪರಿಹಾರ.

ಗೇರುಸೊಪ್ಪೆಯ ಸೀಮೆಯಲ್ಲಿ

ಕರ್ನಾಟಕದಲ್ಲಿ ಈ ರೋಗ ಅಪರೂಪದ್ದಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳವು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಮುಂದಿನ ಸಾಲಿನ ಸ್ಥಾನಗಳಲ್ಲಿ ಕಾಣಬಂದಿದೆ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ, ಕುಮಟ, ಭಟ್ಕಳ ತಾಲೂಕುಗಳ ಸೀಮೆಗೆ ಬಂದರೆ, ಶರಾವತಿಯ ದಡದ ಗೇರುಸೊಪ್ಪೆಯು ಒಂದು ಕಾಲಕ್ಕೆ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ ಕಾಳುಮೆಣಸಿನ ವ್ಯಾಪಾರದಿಂದ ಸಮುದ್ರದಾಚೆಗೂ ಹೆಸರಾದ ನಗರವಾಗಿದ್ದು, ಇಂದು ಅಡಿಕೆ ತೋಟಗಳ ಊರಾಗಿದೆ. ಎಲೆ, ಅಡಿಕೆ, ಸುಣ್ಣಗಳ ಕವಳ ಹಾಕುವುದು ಇಲ್ಲಿಯ ಜನಕ್ಕೆ ಅತಿಥಿಸತ್ಕಾರದ ಮೊದಲ ಮರ್ಯಾದೆ. ಕವಳದ ಸಂಚಿಯಲ್ಲಿ ಹೊಗೆಸೊಪ್ಪೂ ಇರುವುದು ಅಪರೂಪವಲ್ಲ. ಗುಟ್ಕಾ ಮಾರಾಟವನ್ನು ರಾಜ್ಯಸರ್ಕಾರವು 2013ರಲ್ಲಿ ನಿಷೇಧಿಸಿತಾದರೂ, ಜಗಿಯುವ ತಂಬಾಕಿನ ರೂಢಿ ಅದರಿಂದ ಅಳಿಯಲಿಲ್ಲ. ಅಡಿಕೆಯೇ ಜೀವನಾಧಾರವಾದ ಸಂಸಾರಗಳಿಗೆ ವೈದ್ಯಶಾಸ್ತ್ರದ ಈ ಮಾತು ಕಹಿಯೆನಿಸುವುದು ಸಹಜವೇ. ಬೆಳೆಗಾರರ ಬದುಕಿನ ಮೇಲಿನ ಗೌರವವು ರೋಗದ ಸತ್ಯವನ್ನು ಮರೆಮಾಡಲು ಕಾರಣವಾಗಬಾರದು.

ಈ ಸೀಮೆಯ ರೋಗಿಯು ವೈದ್ಯನ ಬಳಿಗೆ ಬರುವುದು ರೊಟ್ಟಿ, ಗಟ್ಟಿಯನ್ನ ಇಳಿಯದೆ ಗಂಜಿ ಮಾತ್ರ ಇಳಿಯುವ ಸ್ಥಿತಿಯಲ್ಲಿ. ಆ ಹೊತ್ತಿಗೆ ನಾಳದ ಬಹುಪಾಲು ಮುಚ್ಚಿರುತ್ತದೆ. ತಾಲೂಕು ಆಸ್ಪತ್ರೆಗಳಿಂದ ಮುಂದಕ್ಕೆ ಹೋಗಬೇಕಾದವರಿಗೆ ದಾರಿ ಹಲವು: ಕರಾವಳಿಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ, 1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ವಿದ್ಯಾಲಯವಿರುವ ಮಣಿಪಾಲಕ್ಕೆ, ಅಥವಾ ಅದಕ್ಕೂ ಆಚೆ ಮಂಗಳೂರಿಗೆ; ಘಟ್ಟ ಹತ್ತಿ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ; ಉತ್ತರಕ್ಕೆ ವೈದ್ಯ ವಿದ್ಯಾಲಯವಿರುವ ಕಾರವಾರಕ್ಕೆ, ಅಲ್ಲಿಂದ ಗೋವೆಗೆ. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮಿಗಿಲು; ಗೇರುಸೊಪ್ಪೆಯವರಿಗೆ ಅದಕ್ಕೆ ಮೊದಲು ಹೊನ್ನಾವರಕ್ಕೆ ಇಳಿಯುವ ದಾರಿಯೂ ಸೇರುತ್ತದೆ. ಜಿಲ್ಲೆಗೊಂದು ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೇಳುತ್ತ ಬಂದಿರುವುದು ಇಂತಹ ದೂರಗಳನ್ನು ನಡೆದು ಬಲ್ಲವರ ಬೇಡಿಕೆ. ನೋವಿಲ್ಲದ ಮನುಷ್ಯನು ನೋವಿಲ್ಲದ ರೋಗವನ್ನು ಹುಡುಕಿಸಿಕೊಳ್ಳಲು ಒಂದು ದಿನದ ಕೂಲಿಯನ್ನು ಬಿಟ್ಟು ಅಷ್ಟು ದೂರ ಹೋಗಲಾರ.

ಆದುದರಿಂದ ಇಲ್ಲಿಗೆ ಹೊಂದುವ ಕ್ರಮವು ಎಲ್ಲರಿಗೂ ಎಂಡೋಸ್ಕೋಪಿಯಲ್ಲ. ಆರಿಸಿದವರಿಗೆ ಸಮೀಪದಲ್ಲಿ ಒಳ್ಳೆಯ ಎಂಡೋಸ್ಕೋಪಿ. ರಾಷ್ಟ್ರೀಯ ಕಾರ್ಯಕ್ರಮದಡಿ ಬಾಯಿ, ಸ್ತನ, ಗರ್ಭಕೊರಳುಗಳ ಕ್ಯಾನ್ಸರಿಗೆ ತಪಾಸಣೆ ವಿಧಿತವಾಗಿದೆ; ಅನ್ನನಾಳ ಆ ಪಟ್ಟಿಯಲ್ಲಿಲ್ಲ. ಆದರೆ ಬಾಯನ್ನು ನೋಡುವ ಪರೀಕ್ಷೆಯೇ ಅನ್ನನಾಳಕ್ಕೆ ಹೆಬ್ಬಾಗಿಲಾಗಬಹುದು. ಕವಳದಿಂದ ಬಾಯಿಯ ಪೊರೆ ಬಿಳಿಚಿದವರನ್ನು, ಬಾಯಿ ತೆರೆಯಲಾರದಷ್ಟು ಬಿಗಿದವರನ್ನು, ಬಾಯಿ ಗಂಟಲುಗಳ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರನ್ನು, ಬಹುಕಾಲ ಹೊಗೆಸೊಪ್ಪು, ಬೀಡಿ, ಮದ್ಯಗಳ ಬಳಕೆಯಿದ್ದು ನಲ್ವತ್ತು ದಾಟಿದವರನ್ನು ಆಶಾ ಕಾರ್ಯಕರ್ತೆಯರೂ ಪ್ರಾಥಮಿಕ ಕೇಂದ್ರದ ವೈದ್ಯರೂ ಗುರುತಿಸಿ ಕಳುಹಿಸಿದರೆ, ಜಿಲ್ಲೆಯೊಳಗಿನ ಒಂದೆರಡು ಕೇಂದ್ರಗಳಲ್ಲಿ ಅವರಿಗೆ ಅಯೋಡೀನ್ ಲೇಪನದ ಪರೀಕ್ಷೆಯನ್ನು ನಡೆಸಬಹುದು. ಇದಕ್ಕೆ ಬೇಕಾದುದು ಸಾಮಾನ್ಯವಾದ ಒಂದು ದರ್ಶಕ, ಬೆಲೆಯೇ ಇಲ್ಲವೆನ್ನಬಹುದಾದ ದ್ರಾವಣ, ಬಯಾಪ್ಸಿ ಓದುವ ರೋಗಶಾಸ್ತ್ರಜ್ಞ, ಮತ್ತು ತೊಳೆದು ಕಾದು ನೋಡಲು ಕಲಿತ ವೈದ್ಯ. ಕಿರುಪಟ್ಟಿಯ ಬೆಳಕೂ ವರ್ಧಕ ದರ್ಶಕವೂ ಗಂತಿಯನ್ನು ಸುಲಿಯುವ ಕೈಚಳಕವೂ ದೊಡ್ಡ ಕೇಂದ್ರಗಳಲ್ಲಿಯೇ ಇರಲಿ. ಸಂಶಯದ ತೇಪೆ ಕಂಡವರು ಮಾತ್ರ ಅಲ್ಲಿಗೆ ಹೋದರೆ ಸಾಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯ ನೆರವು, ರೋಗ ಬಲಿತ ಮೇಲಿನ ಚಿಕಿತ್ಸೆಗಷ್ಟೇ ಅಲ್ಲದೆ ಈ ಮುನ್ನೋಟದ ಪರೀಕ್ಷೆಗೂ ಸಲ್ಲುವಂತಾಗುವುದು ಯುಕ್ತ.

ಪರೀಕ್ಷೆಯೇನೂ ಭಯಂಕರವಲ್ಲ. ಆರರಿಂದ ಎಂಟು ಗಂಟೆಗಳ ಉಪವಾಸ, ಗಂಟಲನ್ನು ಮರಗಟ್ಟಿಸುವ ಔಷಧದ ಸಿಂಪಡಣೆ, ಬೇಕೆನಿಸಿದರೆ ಮಂಪರಿನ ಒಂದು ಚುಚ್ಚುಮದ್ದು, ಎಡಮಗ್ಗುಲಿಗೆ ಮಲಗಿ ಕೆಲವು ನಿಮಿಷಗಳ ಸಹನೆ. ಅಂದೇ ಮನೆಗೆ ಮರಳಬಹುದು. ನುಂಗುವಾಗ ತುಸುವೇ ತೊಡಕಾದರೂ, ಎದೆಯ ಹಿಂದೆ ಅನ್ನ ನಿಂತಂತೆ ಒಂದು ವಾರ ಅನಿಸಿದರೂ ಗ್ಯಾಸೆಂದು ಗುಳಿಗೆ ನುಂಗಿ ಕಾಲ ತಳ್ಳದೆ ಕೂಡಲೇ ಪರೀಕ್ಷೆಗೆ ಹೋಗತಕ್ಕದ್ದು. ಅಂತಹ ತೊಡಕಿಲ್ಲದವರನ್ನು ಆರಿಸಿ ಕರೆಯುವ ಭಾರವು ಆರೋಗ್ಯ ಇಲಾಖೆಯದೂ ಈ ಸೀಮೆಯ ರೋಗಿಗಳನ್ನು ಬಹುಕಾಲದಿಂದ ಬಲ್ಲ ವೈದ್ಯ ವಿದ್ಯಾಲಯಗಳದೂ ಆಗಿದೆ. ಬೇಕಾದ ವಿದ್ಯೆಯೂ ಸಾಧನವೂ ನಾಡಿನಲ್ಲಿ ಇದ್ದೇ ಇರುವುದರಿಂದ, ಅದನ್ನು ಹೊನ್ನಾವರ ಕುಮಟಗಳ ತನಕ ತರುವುದಕ್ಕೆ ಬೇಕಾಗಿರುವುದು ಸಂಕಲ್ಪವೊಂದೇ.